ಕೇಳಿದವಳು



ಬರ್ಲಿನ್ ನಗರದಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ಹೋದರೆ ಫ್ಯೂರ್ಸ್ಟೆನ್‌ಬೆರ್ಗ್ ಎಂಬ ಸಣ್ಣ ಊರು ಸಿಗುತ್ತದೆ. ಊರಿನ ಮಗ್ಗುಲಲ್ಲೇ ಒಂದು ಸರೋವರ, ಸುತ್ತ ಪೈನ್ ಮರಗಳ ಕಾಡು. ಸರೋವರದ ಆಚೆ ದಡದಲ್ಲಿ 1939ರ ಮೇ ತಿಂಗಳಲ್ಲಿ ನಾಜಿ ಸರ್ಕಾರ ಹೆಂಗಸರಿಗೆಂದೇ ಒಂದು ಸೆರೆ ಶಿಬಿರ ತೆರೆಯಿತು. ಅದರ ಹೆಸರು ರಾವೆನ್ಸ್‌ಬ್ರೂಕ್. ಮುಂದಿನ ಆರು ವರ್ಷಗಳಲ್ಲಿ ಸುಮಾರು 1,20,000 ಹೆಂಗಸರು ಮತ್ತು ಮಕ್ಕಳು ಆ ಬಾಗಿಲಿನೊಳಗೆ ಹೋದರು. ಹತ್ತಾರು ಸಾವಿರ ಜನ ತಿರುಗಿ ಬರಲಿಲ್ಲ.

ಆ ಶಿಬಿರದಲ್ಲಿ ಹುಟ್ಟಿದ ಒಂದು ಗೆಳೆತನದ ಬಗ್ಗೆ ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿದ್ದೇನೆ. ಸೆರೆಮನೆಯ ಗೆಳೆತನ ಎಂದ ಕೂಡಲೇ ಒಂದು ತುತ್ತು ರೊಟ್ಟಿಯನ್ನು ಇಬ್ಬರು ಹಂಚಿಕೊಂಡ ಚಿತ್ರ ಮನಸ್ಸಿಗೆ ಬರುತ್ತದೆ. ಈ ಕಥೆಯಲ್ಲಿ ರೊಟ್ಟಿಯೂ ಇದೆ. ಆದರೆ ಅದಕ್ಕೆ ಮೊದಲು ಒಬ್ಬಳು ಇನ್ನೊಬ್ಬಳನ್ನು ಕೇಳಿದ್ದು ಇದೆ. ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಮಾತಿಗೆ ಪ್ರಶ್ನೆ ಹಾಕುವುದು ಎಂಬ ಅರ್ಥವೂ ಇದೆ, ಕಿವಿಗೊಡುವುದು ಎಂಬ ಅರ್ಥವೂ ಇದೆ. ಪ್ರಾಗ್ ನಗರದಿಂದ ಬಂದ ಮಿಲೇನಾ ಎಂಬವಳು ಗ್ರೇಟೆ ಎಂಬ ಜರ್ಮನ್ ಹೆಂಗಸನ್ನು ಎರಡೂ ಅರ್ಥದಲ್ಲಿ ಕೇಳಿದಳು. ಉಳಿದದ್ದೆಲ್ಲ ಅದರಿಂದ ಹುಟ್ಟಿತು.

ಗ್ರೇಟೆಯ ಪೂರ್ತಿ ಹೆಸರು ಮಾರ್ಗರೆಟೆ ಬೂಬರ್-ನಾಯ್ಮನ್. 1901ರಲ್ಲಿ ಪೋಟ್ಸ್‌ಡಾಮ್‌ನಲ್ಲಿ ಹುಟ್ಟಿದವಳು. ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ಅವರ ಮಗನನ್ನು ಮದುವೆಯಾಗಿ ಎರಡು ಹೆಣ್ಣುಮಕ್ಕಳನ್ನು ಹೆತ್ತಳು. ಆ ಮದುವೆ ಮುರಿದ ಮೇಲೆ ಜರ್ಮನ್ ಕಮ್ಯುನಿಸ್ಟ್ ಪಕ್ಷದ ಮುಂದಾಳು ಹೈನ್ಜ್ ನಾಯ್ಮನ್‌ನ ಜೊತೆ ಬಾಳಿದಳು. ಅವಳೂ 1926ರಿಂದ ಪಕ್ಷದ ಸದಸ್ಯೆ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಇಬ್ಬರೂ ದೇಶದಿಂದ ದೇಶಕ್ಕೆ ಅಲೆದು, 1935ರಲ್ಲಿ ಮಾಸ್ಕೋ ಸೇರಿದರು. ದುಡಿಯುವವರ ರಾಜ್ಯ ಎಂದು ನಂಬಿ ಹೋದ ಆ ಊರಿನಲ್ಲಿ 1937ರ ಏಪ್ರಿಲ್‌ನ ಒಂದು ರಾತ್ರಿ ಸ್ಟಾಲಿನ್ನನ ಪೊಲೀಸರು ಬಂದು ಹೈನ್ಜ್‌ನನ್ನು ಎಳೆದೊಯ್ದರು. ಅದೇ ನವೆಂಬರಿನಲ್ಲಿ ಗುಂಡಿಕ್ಕಿ ಕೊಂದರು. ಅವಳಿಗೆ ಯಾರೂ ಹೇಳಲಿಲ್ಲ. ಗಂಡನಿಗೆ ತಲುಪಿಸಲೆಂದು ದುಡ್ಡು ಹಿಡಿದು ಜೈಲಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದ ನೂರಾರು ಹೆಂಗಸರಲ್ಲಿ ಅವಳೂ ಒಬ್ಬಳಾದಳು. 1938ರ ಜೂನಿನಲ್ಲಿ ಅವಳನ್ನೂ ಹಿಡಿದರು. ಐದು ವರ್ಷ ಶಿಕ್ಷೆ. ಕಜಕಸ್ತಾನದ ಕರಗಂಡಾ ಎಂಬಲ್ಲಿಯ ಹುಲ್ಲುಗಾವಲಿನ ಶಿಬಿರ.

ಆಮೇಲೆ ನಡೆದದ್ದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. 1939ರ ಆಗಸ್ಟಿನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಒಪ್ಪಂದಕ್ಕೆ ಸಹಿ ಹಾಕಿಸಿದರು. ಮಾರನೆಯ ಫೆಬ್ರವರಿಯಲ್ಲಿ ಗ್ರೇಟೆಯನ್ನೂ ಇನ್ನಷ್ಟು ಜರ್ಮನ್ ಕೈದಿಗಳನ್ನೂ ರೈಲಿನಲ್ಲಿ ಬ್ರೆಸ್ಟ್-ಲಿಟೋವ್‌ಸ್ಕ್‌ಗೆ ತಂದು, ಬೂಗ್ ನದಿಯ ಸೇತುವೆಯ ಮೇಲೆ ನಡೆಸಿ, ಆ ಕಡೆ ಕಾದಿದ್ದ ಹಿಟ್ಲರನ ಪೊಲೀಸರ ಕೈಗೆ ಒಪ್ಪಿಸಿದರು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರನ್ನು ಹಿಟ್ಲರನಿಗೇ ಒಪ್ಪಿಸಿದರು. ಅವರಲ್ಲಿ ಯಹೂದಿಗಳೂ ಇದ್ದರು. ಎರಡೂ ಕಡೆಯ ಅಧಿಕಾರಿಗಳು ಪರಸ್ಪರ ಸೆಲ್ಯೂಟ್ ಹೊಡೆದು ಹೆಸರಿನ ಪಟ್ಟಿ ಕೈ ಬದಲಾಯಿಸಿಕೊಂಡರು. 1940ರ ಆಗಸ್ಟಿನಲ್ಲಿ ಅವಳು ರಾವೆನ್ಸ್‌ಬ್ರೂಕ್‌ಗೆ ಬಂದಳು. ಅಲ್ಲಿ ಅವಳ ಸಂಖ್ಯೆ 4208.

ಶಿಬಿರದಲ್ಲಿ ಆಗಲೇ ಜರ್ಮನ್ ಕಮ್ಯುನಿಸ್ಟ್ ಹೆಂಗಸರು ಬಹಳ ಜನ ಇದ್ದರು. ವರ್ಷಗಟ್ಟಲೆ ಜೈಲು ಕಂಡು ಬಂದ ಗಟ್ಟಿಗಿತ್ತಿಯರು. ಹೊರಗಿನ ಲೋಕ ಕತ್ತಲಾದಾಗ ಅವರಿಗಿದ್ದ ಒಂದೇ ದೀಪ ಸೋವಿಯತ್ ರಷ್ಯಾ. ಆ ರಷ್ಯಾದಿಂದಲೇ ಬಂದವಳು ಎಂದು ಅವರು ಗ್ರೇಟೆಯನ್ನು ಕೂರಿಸಿಕೊಂಡು ವಿಚಾರಿಸಿದರು. ಅವಳು ಕಂಡದ್ದನ್ನು ಹೇಳಿದಳು: ರಾತ್ರಿ ಬಂಧನ, ತುಂಬಿ ತುಳುಕುವ ಕೋಣೆಗಳು, ಹುಲ್ಲುಗಾವಲಿನ ಹಸಿವು, ಸೇತುವೆ. ಅವರು ನಂಬಲಿಲ್ಲ. ನಂಬಿದ್ದರೆ ಅವರ ಪಾಲಿಗೆ ಏನು ಉಳಿಯುತ್ತಿತ್ತು ಎಂದು ಈಗ ನಾವು ಮರುಕದಿಂದ ಕೇಳಿಕೊಳ್ಳಬಹುದು. ಆದರೆ ಆಗ ಅವರು ಕೊಟ್ಟ ತೀರ್ಪು ಒಂದೇ: ಇವಳು ಟ್ರಾಟ್ಸ್ಕಿವಾದಿ, ದ್ರೋಹಿ, ಇವಳ ಜೊತೆ ಮಾತು ಬೇಡ. ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಹಾಕಿದವರಿಗೆ ಬೆಂಕಿ ನೀರು ಕೊಡುತ್ತಿರಲಿಲ್ಲವಲ್ಲ, ಹಾಗೆ. ಮುಳ್ಳುತಂತಿಯ ಒಳಗೆ ಇನ್ನೊಂದು ಬೇಲಿ.

ಇಂಥ ಹೊತ್ತಿನಲ್ಲಿ ಅಕ್ಟೋಬರಿನ ಒಂದು ದಿನ ಮಿಲೇನಾ ಬಂದಳು.

ಗುಡಿಸಲಿನಂಥ ಮರದ ಬರಾಕುಗಳ ಹಿಂದೆ, ಎತ್ತರದ ಗೋಡೆಯ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಹಾದಿ. ಹೊಸದಾಗಿ ಬಂದ ಕೈದಿಗಳು ಬಿಡುವಿನ ಹೊತ್ತಿನಲ್ಲಿ ಅಲ್ಲಿ ಅಡ್ಡಾಡಬಹುದಿತ್ತು. ಜೆರುಸಲೇಮಿನ ಅಳುಗೋಡೆಯ ಹೆಸರನ್ನೇ ಮಿಲೇನಾ ಆ ಗೋಡೆಗೆ ಇಟ್ಟಳು. ಜನ ಒತ್ತೊತ್ತಾಗಿ ಹೋಗಿಬರುತ್ತಿದ್ದ ಆ ಹಾದಿಯ ನಡುವೆ ಅವಳು ಗ್ರೇಟೆಯ ಎದುರಿಗೆ ಬಂದು ನಿಂತಳು, ಕೈ ಚಾಚಿದಳು, 'ಪ್ರಾಗಿನ ಮಿಲೇನಾ' ಎಂದು ಪರಿಚಯ ಹೇಳಿಕೊಂಡಳು. ಮನೆತನದ ಹೆಸರಿಲ್ಲ, ಪಕ್ಷದ ಹೆಸರಿಲ್ಲ. ಬೆರಳಿನ ಕೀಲು ನೋಯುತ್ತದೆ, ಕೈ ಗಟ್ಟಿಯಾಗಿ ಹಿಡಿಯಬೇಡಿ ಎಂದೂ ಕೇಳಿಕೊಂಡಳಂತೆ. ಹಿಂದಿನಿಂದ ಬರುತ್ತಿದ್ದವರಿಗೆ ದಾರಿ ಕಟ್ಟಿತ್ತು, ನೂಕಾಟ. ಮಿಲೇನಾಗೆ ಅದರ ಪರಿವೆಯೇ ಇರಲಿಲ್ಲ. ಊರಿನ ಬೀದಿಯಲ್ಲಿ ಹಳೆಯ ಪರಿಚಯದವರು ಸಿಕ್ಕರೆ ನಿಂತು ಮಾತಾಡುವುದಿಲ್ಲವೇ, ಹಾಗೆ ನಿಂತಿದ್ದಳು. ಗ್ರೇಟೆಗೆ ಮೊದಲು ಕಸಿವಿಸಿ, ಆಮೇಲೆ ಬೆರಗು. ಇಷ್ಟು ದಿನಗಳಲ್ಲಿ ಮೊದಲ ಸಲ ಸೆರೆ ಮುಟ್ಟದ ಮನುಷ್ಯರೊಬ್ಬರನ್ನು ಕಂಡ ಹಾಗಾಯಿತು ಅವಳಿಗೆ.

ಮಿಲೇನಾ ಪತ್ರಕರ್ತೆ. ರಷ್ಯಾದವರು ಜರ್ಮನ್ನರಿಗೆ ಒಪ್ಪಿಸಿದ ಹೆಂಗಸೊಬ್ಬಳು ಶಿಬಿರದಲ್ಲಿದ್ದಾಳೆ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ನಿಜವೇ ಎಂದು ಸ್ವತಃ ತಿಳಿಯಲು ಬಂದಿದ್ದಳು. ಬಂದವಳು ತೀರ್ಪು ಕೊಡಲಿಲ್ಲ, ಕೇಳಿದಳು. ದಿನಕ್ಕೆ ಸಿಗುತ್ತಿದ್ದ ಅಷ್ಟಿಷ್ಟು ಬಿಡುವಿನಲ್ಲಿ, ದಿನ ದಿನವೂ ಆ ಗೋಡೆಯ ಪಕ್ಕದಲ್ಲಿ ನಡೆಯುತ್ತಾ, ಮೊದಲಿಂದ ಕೊನೆಯವರೆಗೆ ಕೇಳಿದಳು. ಅವಳ ಪ್ರಶ್ನೆಗಳು ಎಷ್ಟು ಒಳಹೊಕ್ಕು ಬರುತ್ತಿದ್ದವೆಂದರೆ ತಾನೇ ಮರೆತಿದ್ದ ಸಂಗತಿಗಳು ನೆನಪಿಗೆ ಬರುತ್ತಿದ್ದವು, ಜೊತೆಗಿದ್ದ ಕೈದಿಗಳ ಮುಖಗಳು ಮತ್ತೆ ಕಾಣುತ್ತಿದ್ದವು ಎಂದು ಗ್ರೇಟೆ ಮುಂದೆ ಬರೆದಳು. ಮತ್ತು ಮಿಲೇನಾ ನಂಬಿದಳು. ನಂಬುವುದು ಅವಳಿಗೂ ಸುಲಭವಾಗಿರಲಿಲ್ಲ, ಅವಳೂ ಒಂದು ಕಾಲದಲ್ಲಿ ಪಕ್ಷದೊಳಗಿದ್ದವಳು.

ಈ ಮಿಲೇನಾ ಯಾರು? ಸಾಹಿತ್ಯದ ಓದುಗರಿಗೆ ಹೆಸರು ಗೊತ್ತಿರುತ್ತದೆ. ಮಿಲೇನಾ ಯೆಸೆನ್ಸ್ಕಾ, ಫ್ರಾನ್ಜ್ ಕಾಫ್ಕಾ ಪತ್ರಗಳನ್ನು ಬರೆದದ್ದು ಇವಳಿಗೆ. 1896ರಲ್ಲಿ ಪ್ರಾಗಿನಲ್ಲಿ ಹುಟ್ಟಿದಳು. ತಂದೆ ಪ್ರಸಿದ್ಧ ದಂತವೈದ್ಯ, ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ, ಕಡು ರಾಷ್ಟ್ರವಾದಿ. ಮಗಳು ಒಬ್ಬ ಯಹೂದಿ ತರುಣನನ್ನು ಪ್ರೀತಿಸಿದಳೆಂದು ಅವಳನ್ನು ಮನೋರೋಗಿಗಳ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇರಿಸಿದ ತಂದೆ ಆತ. ಅವಳು ಹೊರಗೆ ಬಂದು ಆ ತರುಣನನ್ನೇ ಮದುವೆಯಾಗಿ ವಿಯೆನ್ನಾಗೆ ಹೋದಳು. 1920ರಲ್ಲಿ ಕಾಫ್ಕಾನ ಒಂದು ಕಥೆಯನ್ನು ಚೆಕ್ ಭಾಷೆಗೆ ತಂದಳು. ಆ ನೆಪದಲ್ಲಿ ಶುರುವಾದ ಪತ್ರಗಳು ಇಂದು ಜಗತ್ತಿನ ನಾನಾ ಭಾಷೆಗಳಲ್ಲಿವೆ. ಅವಳು ಕಾಫ್ಕಾಗೆ ಬರೆದ ಪತ್ರಗಳು ಮಾತ್ರ ಉಳಿದಿಲ್ಲ. ಹೀಗಾಗಿ ಲೋಕಕ್ಕೆ ಅವಳು ಇನ್ನೊಬ್ಬರ ಪತ್ರದ ಮೇಲಿನ ಹೆಸರಾಗಿ ಉಳಿದಳು. ಇದು ದೊಡ್ಡ ಅನ್ಯಾಯ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಏಕೆಂದರೆ ಅವಳ ನಿಜವಾದ ದೊಡ್ಡತನ ಕಾಣಿಸಿದ್ದು ಕಾಫ್ಕಾ ತೀರಿಹೋದ ಎಷ್ಟೋ ವರ್ಷಗಳ ಮೇಲೆ.

ಎರಡನೆಯ ಮದುವೆ, ಮಗಳು ಯಾನಾಳ ಜನನ, ಸೆಡೆದುಹೋದ ಒಂದು ಮೊಣಕಾಲು, ಆ ನೋವಿಗೆ ಕೊಟ್ಟ ಮಾರ್ಫಿನ್, ಮಾರ್ಫಿನ್ನಿನ ದಾಸ್ಯ, ಅದರಿಂದ ಬಿಡಿಸಿಕೊಳ್ಳುವ ಹೋರಾಟ. ಕಮ್ಯುನಿಸ್ಟ್ ಪಕ್ಷ ಸೇರಿದಳು, ಮಾಸ್ಕೋದ ಸುದ್ದಿಗಳು ಬರತೊಡಗಿದಾಗ 1936ರಲ್ಲಿ ಹೊರಗೆ ಬಂದಳು. 1937ರಿಂದ 'ಪ್ರೀತೊಮ್ನೊಸ್ತ್' ಎಂಬ ವಾರಪತ್ರಿಕೆಗೆ ಬರೆದಳು. ಜರ್ಮನ್ ಸೇನೆ ಪ್ರಾಗಿಗೆ ನುಗ್ಗಿದ್ದು 1939ರ ಮಾರ್ಚ್ 15ರಂದು. ಆ ದಿನದಿಂದ ಅವಳ ಮನೆ ತಲೆಮರೆಸಿಕೊಂಡವರ ತಂಗುದಾಣವಾಯಿತು. ಯಹೂದಿಗಳನ್ನು, ಚೆಕ್ ಸೇನೆಯ ಅಧಿಕಾರಿಗಳನ್ನು ಗಡಿ ದಾಟಿಸಿ ಪೋಲೆಂಡಿಗೆ ಕಳಿಸುವ ಕೆಲಸ. ಓಡಿಹೋಗು ಎಂದು ಗೆಳೆಯರು ಅವಳಿಗೂ ಹೇಳಿದರು. ಹೋಗಲಿಲ್ಲ. ಆ ನವೆಂಬರಿನಲ್ಲಿ ಗೆಸ್ಟಾಪೊ ಹಿಡಿಯಿತು. ನ್ಯಾಯಾಲಯದಲ್ಲಿ ಸಾಕ್ಷ್ಯ ಸಾಲದೆ ಹೋದರೂ ಮನೆಗೆ ಬಿಡಲಿಲ್ಲ, ಶಿಬಿರಕ್ಕೆ ಕಳಿಸಿದರು. ಅಲ್ಲಿ ಅವಳ ಸಂಖ್ಯೆ 4714. ಅದೇ ಕಾಲದಲ್ಲಿ ಜರ್ಮನಿಯಲ್ಲಿ 4711 ಎಂಬ ಹೆಸರಿನ ಸುಗಂಧದ್ರವ್ಯ ಮನೆಮಾತಾಗಿತ್ತು. ಗೆಳತಿಯರು ಅವಳನ್ನು ಪ್ರೀತಿಯಿಂದ ಆ ಹೆಸರಿನಿಂದಲೇ ಕರೆಯುತ್ತಿದ್ದರು.

ಇಬ್ಬರ ಗೆಳೆತನ ಗಟ್ಟಿಯಾಗುತ್ತಿದ್ದಂತೆ ಚೆಕ್ ಕಮ್ಯುನಿಸ್ಟ್ ಹೆಂಗಸರು ಮಿಲೇನಾಳ ಮುಂದೆ ಬಂದು ಖಡಾಖಂಡಿತವಾಗಿ ಹೇಳಿದರು: ಒಂದೋ ಚೆಕ್ಕರ ಬಳಗ, ಇಲ್ಲವೇ ಆ ಜರ್ಮನ್ ಹೆಂಗಸು. ಎರಡರಲ್ಲಿ ಒಂದನ್ನು ಆರಿಸಿಕೋ.

ಕೇಳುಗರೇ, ಆ ಮಾತಿನ ತೂಕ ಗೊತ್ತಾಗಬೇಕಾದರೆ ಶಿಬಿರದ ಬದುಕು ಹೇಗಿತ್ತೆಂದು ತಿಳಿದಿರಬೇಕು. ಅಲ್ಲಿ ಬಳಗವೆಂದರೆ ಬದುಕು. ಹಗುರದ ಕೆಲಸ ಕೊಡಿಸುವವರು, ಕಾಯಿಲೆ ಬಿದ್ದರೆ ಮಾತ್ರೆ ತಂದುಕೊಡುವವರು, ಸಾವಿನ ಪಟ್ಟಿಯಲ್ಲಿ ಹೆಸರಿದ್ದರೆ ಮೊದಲೇ ಕಿವಿಯಲ್ಲಿ ಉಸುರುವವರು, ಎಲ್ಲರೂ ಆ ಬಳಗದವರೇ. ಜೊತೆಗೆ ತಾಯಿನುಡಿ. ಪರದೇಶದ ಸೆರೆಯಲ್ಲಿ ತನ್ನ ಭಾಷೆಯಲ್ಲಿ ನಾಲ್ಕು ಮಾತಾಡುವ ಸುಖ. ಮಿಲೇನಾ ತಡಮಾಡದೆ ಗ್ರೇಟೆಯನ್ನು ಆರಿಸಿಕೊಂಡಳು. ಅಂದಿನಿಂದ ಅವಳ ದೇಶದವರಲ್ಲೇ ಹಲವರು ಅವಳನ್ನು ಹಗೆಯಂತೆ ಕಂಡರು.

ಬಹಿಷ್ಕಾರ ಹಾಕಿದ ಹೆಂಗಸರನ್ನು ನಾನು ಕೆಟ್ಟವರೆನ್ನುವುದಿಲ್ಲ. ಅವರಲ್ಲಿ ಎಷ್ಟೋ ಜನ ಬೇರೆಯವರಿಗಾಗಿ ಪ್ರಾಣ ಪಣಕ್ಕಿಟ್ಟವರು. ಆದರೆ ತಾವು ನಂಬಿದ್ದು ಸುಳ್ಳಾಗಬಾರದೆಂದು ಎದುರಿಗಿದ್ದ ನೊಂದ ಜೀವವನ್ನೇ ಸುಳ್ಳುಗಾರ್ತಿ ಎಂದರಲ್ಲ, ಅದು ತಪ್ಪು. ಅಷ್ಟನ್ನು ಹೇಳಲೇಬೇಕು.

ಗ್ರೇಟೆಗೆ ಆಗ ಒಂದು ಬರಾಕಿನ ಹೊಣೆ ಒಪ್ಪಿಸಿದ್ದರು. ಅದು ಯೆಹೋವನ ಸಾಕ್ಷಿಗಳೆಂಬ ಪಂಥದ ಹೆಂಗಸರ ಬರಾಕು. ನಮ್ಮ ಧರ್ಮ ಬಿಟ್ಟೆವು ಎಂದು ಒಂದು ಕಾಗದಕ್ಕೆ ಸಹಿ ಹಾಕಿದರೆ ಆ ಹೆಂಗಸರು ಮನೆಗೆ ಹೋಗಬಹುದಿತ್ತು. ಹೆಚ್ಚುಕಡಿಮೆ ಯಾರೂ ಸಹಿ ಹಾಕಲಿಲ್ಲ. ಮಿಲೇನಾಗೆ ಶಿಬಿರದ ಆಸ್ಪತ್ರೆಯ ಕಚೇರಿಯಲ್ಲಿ ಕಡತದ ಕೆಲಸ. ರಕ್ತಪರೀಕ್ಷೆಯ ಫಲಿತಾಂಶಗಳನ್ನು ದಾಖಲಿಸುವುದು. ಗುಹ್ಯರೋಗ ಇದೆ ಎಂದು ಬರೆದರೆ ಆ ಹೆಂಗಸಿನ ಗತಿ ಸಾವಿನ ದಾರಿ ಹಿಡಿಯಬಹುದಿತ್ತು. ಮಿಲೇನಾ ಫಲಿತಾಂಶ ತಿದ್ದಿ ಬರೆದಳು. ಒಂದಲ್ಲ ಎರಡಲ್ಲ, ಮತ್ತೆ ಮತ್ತೆ. ಅವಳ ತಿದ್ದಿದ ಅಕ್ಷರಗಳಿಂದ ಉಳಿದವರಿಗೆ ತಾವು ಉಳಿದದ್ದು ಹೇಗೆಂದೇ ಗೊತ್ತಿರಲಾರದು.

ಬೇರೆ ಬೇರೆ ಬರಾಕಿನವರು ಭೇಟಿಯಾಗುವುದಕ್ಕೆ ಕಟ್ಟುನಿಟ್ಟಿನ ನಿಷೇಧ. ಆದರೂ ಇಬ್ಬರೂ ದಿನಕ್ಕೊಮ್ಮೆ ಹೇಗಾದರೂ ಮುಖ ನೋಡಿಕೊಳ್ಳುತ್ತಿದ್ದರು. ಒಂದು ರಾತ್ರಿಯ ಪ್ರಸಂಗವನ್ನು ಗ್ರೇಟೆ ಬರೆದಿದ್ದಾಳೆ. ಮಳೆಗಾಳಿಯ ರಾತ್ರಿ. ಆ ಹೊತ್ತಿನಲ್ಲಿ ಬರಾಕಿನಿಂದ ಹೊರಗೆ ಕಾಲಿಟ್ಟು ಸಿಕ್ಕಿಬಿದ್ದರೆ ಕತ್ತಲಕೋಣೆ, ಛಡಿ, ಇಲ್ಲವೇ ಕಾವಲುನಾಯಿಗಳ ಬಾಯಿ. ಗ್ರೇಟೆ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕಾದಿದ್ದಾಳೆ. ಗೋಡೆಗಳ ನೆರಳಿನಲ್ಲಿ ಕಳ್ಳಹೆಜ್ಜೆ ಇಟ್ಟು ಬಂದಾಳು ಎಂದುಕೊಂಡಿದ್ದಾಳೆ. ಅಷ್ಟರಲ್ಲಿ ಶಿಬಿರದ ಬೀದಿಯ ಕಡೆಯಿಂದ ಸಿಳ್ಳೆ ಕೇಳುತ್ತದೆ. ಟಿಪ್ಪರರಿ ಎಂಬ ಊರಿನ ಮೇಲಿನ, ಹಿಂದಿನ ಮಹಾಯುದ್ಧದ ಕಾಲದ ಆ ಹಾಡಿನ ಧಾಟಿ. ಅದನ್ನು ಸಿಳ್ಳೆ ಹಾಕುತ್ತಾ ಮಿಲೇನಾ ಕತ್ತಲಲ್ಲಿ ಗೆಳತಿಯ ಮನೆಗೆ ಬರುವಂತೆ ಬಂದಳು. ಆ ರಾತ್ರಿ ಇಬ್ಬರೂ ಬೆಳಗಿನವರೆಗೆ ಮಾತಾಡಿದರು.

ಇವರಿಬ್ಬರ ಮಾತಿನಲ್ಲಿ ಕಾಫ್ಕಾ ಬಂದುಹೋದ. ಗ್ರೇಟೆ ಅವನ ಹೆಸರು ಕೇಳಿದ್ದು ಮಿಲೇನಾಳ ಬಾಯಿಂದಲೇ. ಬೆಳಗ್ಗೆ ಏಳುವಾಗ ಹುಳುವಾಗಿ ಹೋಗಿದ್ದ ಗ್ರೆಗರ್ ಸಾಮ್ಸನ ಕಥೆಯನ್ನು ಮಿಲೇನಾ ಆ ಬರಾಕುಗಳ ನಡುವೆ ಗೆಳತಿಗೆ ಹೇಳಿದಳು. ಮನುಷ್ಯರನ್ನು ಸಂಖ್ಯೆಯಾಗಿ ಮಾಡಿದ ಜಾಗದಲ್ಲಿ ಆ ಕಥೆ ಕೇಳುವುದು ಹೇಗಿದ್ದಿರಬೇಕು, ಯೋಚಿಸಿ. ಪ್ರಾಗಿನ ಬೀದಿಗಳು, ಮಗಳು ಯಾನಾ, ದೂರದ ಪ್ಯಾಲೆಸ್ಟೈನಿನಲ್ಲಿ ಅಜ್ಜ-ಅಜ್ಜಿಯ ಕಡೆ ಬೆಳೆಯುತ್ತಿದ್ದ ಗ್ರೇಟೆಯ ಹೆಣ್ಣುಮಕ್ಕಳು, ಇವೆಲ್ಲ ಮಾತಿಗೆ ಬಂದವು. ಜೊತೆಗೆ ಒಂದು ಯೋಜನೆಯೂ ಬೆಳೆಯಿತು. ಬಿಡುಗಡೆಯಾದ ಮೇಲೆ ಇಬ್ಬರೂ ಸೇರಿ ಒಂದು ಪುಸ್ತಕ ಬರೆಯಬೇಕು, ಎರಡೂ ಸರ್ವಾಧಿಕಾರಗಳ ಶಿಬಿರಗಳ ಬಗ್ಗೆ. ಸೆರೆ ಶಿಬಿರಗಳ ಯುಗ ಎಂಬುದೇ ಅದರ ವಸ್ತು. ನನಗೆ ಬರೆಯಲು ಬಾರದು ಎಂದು ಗ್ರೇಟೆ ಹಿಂಜರಿದರೆ, ನಿನ್ನಿಂದ ಆಗುತ್ತದೆ ಎಂದು ಮಿಲೇನಾ ಹಟ ಹಿಡಿಯುತ್ತಿದ್ದಳು.

1942ರ ಕೊನೆಯ ಹೊತ್ತಿಗೆ ಗ್ರೇಟೆ ಶಿಬಿರದ ಮುಖ್ಯ ಮೇಲ್ವಿಚಾರಕಿ ಯೋಹಾನಾ ಲಾಂಗೆಫೆಲ್ಟ್‌ಳ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. 1943ರ ವಸಂತದಲ್ಲಿ ಲಾಂಗೆಫೆಲ್ಟ್‌ಳನ್ನು ಕೈದಿಗಳ ಮೇಲೆ ಕರುಣೆ ತೋರಿದಳೆಂಬ ಆರೋಪ ಹೊರಿಸಿ ಕೆಲಸದಿಂದ ತೆಗೆದರು. ಅದರ ಬೆನ್ನಿಗೇ ಗ್ರೇಟೆಯನ್ನೂ ಎಳೆದೊಯ್ದು ಬಂಕರಿಗೆ ತಳ್ಳಿದರು. ಬಂಕರ್ ಎಂದರೆ ಶಿಬಿರದೊಳಗಿನ ಕಲ್ಲುಕಟ್ಟಡದ ಜೈಲು. ಬೆಳಕಿಲ್ಲದ ಕೋಣೆ, ತಣ್ಣನೆಯ ನೆಲ, ದಿನಗಟ್ಟಲೆ ಅನ್ನನೀರಿಲ್ಲ. ಹದಿನೈದು ವಾರ ಅವಳು ಅಲ್ಲಿದ್ದಳು. ಹಸಿವಿಗೆ ಕಣ್ಣಮುಂದೆ ಏನೇನೋ ಸುಳಿಯತೊಡಗಿದಾಗ, ಎಂದೋ ಓದಿದ್ದ ಗೋರ್ಕಿಯ ಒಂದು ಕಥೆಯನ್ನು ಮನಸ್ಸಿನಲ್ಲೇ ಮುಂದುವರಿಸುತ್ತಾ ಬುದ್ಧಿ ಕಾಪಾಡಿಕೊಂಡಳು.

ಹೊರಗಿದ್ದ ಮಿಲೇನಾಗೆ ಆಗಲೇ ಮೈಯಲ್ಲಿ ಹುಷಾರಿರಲಿಲ್ಲ. ಆದರೂ ಅವಳು ಎರಡು ಕೆಲಸ ಮಾಡಿದಳು. ಬಂಕರಿನಲ್ಲಿ ಊಳಿಗಕ್ಕಿದ್ದ ಕೈದಿಯೊಬ್ಬಳ ಮೂಲಕ ಒಂದಿಷ್ಟು ಸಕ್ಕರೆ, ಒಂದು ತುಂಡು ರೊಟ್ಟಿ ಕತ್ತಲಕೋಣೆಗೆ ಮುಟ್ಟಿಸಿದಳು. ಸಿಕ್ಕಿದ್ದರೆ ಅವಳಿಗೂ ಅದೇ ಕೋಣೆ. ಎರಡನೆಯದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಶಿಬಿರದಲ್ಲಿ ಗೆಸ್ಟಾಪೊದ ತನಿಖಾಧಿಕಾರಿ ಲೂಡ್‌ವಿಗ್ ರಾಮ್‌ಡೋರ್ ಎಂಬವನಿದ್ದ. ಅವನ ಹೆಸರು ಕೇಳಿದರೆ ಎಂಥವರಿಗೂ ಕೈಕಾಲು ತಣ್ಣಗಾಗುತ್ತಿತ್ತು. ಕೈದಿಗಳನ್ನು ಹಿಂಸಿಸಿ ಬಾಯಿ ಬಿಡಿಸುವುದೇ ಅವನ ಕಸುಬು. ಮಿಲೇನಾ ತಾನಾಗಿಯೇ ಅವನ ಭೇಟಿ ಕೇಳಿ, ಅವನ ಮೇಜಿನ ಮುಂದೆ ಹೋಗಿ ನಿಂತಳು. ಗ್ರೇಟೆ ಜೀವಂತ ಹೊರಬರಬೇಕು, ಅದಕ್ಕೆ ಪ್ರತಿಯಾಗಿ ನಾನು ನಿನಗೆ ಒಂದು ವಿಷಯ ಹೇಳುತ್ತೇನೆ ಎಂಬ ಮಾತಿನಿಂದ ಶುರುಮಾಡಿದಳು. ಆಸ್ಪತ್ರೆಯಲ್ಲಿ ವೈದ್ಯ ರೋಸೆಂಟಾಲ್ ಮತ್ತು ಅವನ ಸಂಗಾತಿ ಕ್ವೆರ್ನ್‌ಹೈಮ್ ಸೇರಿ ರಾತ್ರಿ ಹೊತ್ತು ರೋಗಿಗಳನ್ನು ಕೊಲ್ಲುತ್ತಿದ್ದದ್ದನ್ನು ಅಲ್ಲಿ ಕೆಲಸಕ್ಕಿದ್ದ ಅವಳು ಬಲ್ಲಳು. ಅದನ್ನು ಬಯಲುಮಾಡಿದಳು. ಒಬ್ಬ ಕೈದಿ ಶಿಬಿರದ ವೈದ್ಯನ ಮೇಲೆ ದೂರು ಹೇಳುವುದು, ಅದೂ ಒಬ್ಬ ಕಟುಕನ ಮುಂದೆ. ಅವನು ಒಂದು ಸನ್ನೆ ಮಾಡಿದ್ದರೆ ಅವಳು ಆ ಸಂಜೆಗೆ ಉಳಿಯುತ್ತಿರಲಿಲ್ಲ.

ಅವಳು ಅವನ ಕರುಣೆಯನ್ನು ನಂಬಿ ಹೋಗಿರಲಿಲ್ಲ, ಅವನ ಅಧಿಕಾರದ ಆಸೆಯನ್ನು ಸರಿಯಾಗಿ ಅಳೆದು ಹೋಗಿದ್ದಳು. ಲೆಕ್ಕ ತಪ್ಪಲಿಲ್ಲ. ರೋಸೆಂಟಾಲ್ ಮತ್ತು ಕ್ವೆರ್ನ್‌ಹೈಮ್ ಇಬ್ಬರೂ ಬಂಧನಕ್ಕೆ ಒಳಗಾದರು. ಗ್ರೇಟೆ ಜೀವಂತ ಹೊರಬಂದಳು. ಯುದ್ಧ ಮುಗಿದ ಮೇಲೆ ಹ್ಯಾಂಬರ್ಗಿನಲ್ಲಿ ನಡೆದ ವಿಚಾರಣೆಯಲ್ಲಿ ರಾಮ್‌ಡೋರ್‌ಗೂ ರೋಸೆಂಟಾಲ್‌ಗೂ ಮರಣದಂಡನೆಯಾಯಿತು. 1947ರಲ್ಲಿ ಇಬ್ಬರನ್ನೂ ಗಲ್ಲಿಗೇರಿಸಿದರು.

ಬಂಕರಿನಿಂದ ಬಂದ ಗ್ರೇಟೆ ಚೇತರಿಸಿಕೊಳ್ಳುತ್ತಿದ್ದಂತೆ ಮಿಲೇನಾ ಕುಸಿಯುತ್ತಾ ಬಂದಳು. ಮೂತ್ರಪಿಂಡದ ಕಾಯಿಲೆ. 1944ರ ಜನವರಿಯಲ್ಲಿ ಶಿಬಿರದ ಆಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿ ಒಂದು ಮೂತ್ರಪಿಂಡ ತೆಗೆದರು. ಅದಾದ ಮೇಲೆ ಹಾಸಿಗೆ ಬಿಟ್ಟು ಎದ್ದದ್ದು ಕಡಿಮೆ. ಗ್ರೇಟೆ ಮಧ್ಯಾಹ್ನದ ಬಿಡುವಿನಲ್ಲಿ ಸಿಗುತ್ತಿದ್ದ ಕಾಲು ಗಂಟೆಯಲ್ಲಿ ಓಡಿಬಂದು ಮಂಚದ ತುದಿಯಲ್ಲಿ ಕೂರುತ್ತಿದ್ದಳು. ಕಾಲು ಗಂಟೆ ಎಂದರೆ ಎಷ್ಟು ಹೊತ್ತು ಎಂದು ಆಸ್ಪತ್ರೆಯಲ್ಲಿ ಹತ್ತಿರದವರನ್ನು ನೋಡಲು ಹೋಗಿ ಬಂದ ಯಾರಿಗಾದರೂ ಗೊತ್ತು. ನಾಲ್ಕು ತಿಂಗಳು ಹೀಗೆ ನಡೆಯಿತು. ನಾನು ಉಳಿಯುವುದಿಲ್ಲ, ನೀನು ಉಳಿಯುತ್ತೀಯ, ನಾನು ಯಾರಾಗಿದ್ದೆ ಎಂದು ಜನಕ್ಕೆ ನೀನು ಹೇಳು ಎಂಬರ್ಥದ ಮಾತನ್ನು ಮಿಲೇನಾ ಆ ದಿನಗಳಲ್ಲಿ ಆಡಿದಳು. ಎಲ್ಲ ಕಾಲದಲ್ಲೂ ಕೇಳುವವಳಾಗಿದ್ದವಳು ತನಗಾಗಿ ಕೇಳಿಕೊಂಡದ್ದು ಇಷ್ಟೇ.

1944ರ ಮೇ 17ರಂದು ಮಿಲೇನಾ ತೀರಿಕೊಂಡಳು. ನಲವತ್ತೇಳು ವರ್ಷ.

ಶಿಬಿರದಲ್ಲಿ ಸತ್ತವರನ್ನು ಗಾಡಿಯಲ್ಲಿ ಹಾಕಿ ಹೊರಗಿದ್ದ ದಹನಗೃಹಕ್ಕೆ ಸಾಗಿಸುತ್ತಿದ್ದರು. ಗ್ರೇಟೆ ಕಾಡಿ ಬೇಡಿ ಗಾಡಿಯ ಜೊತೆ ಹೋಗಲು ಅಪ್ಪಣೆ ಪಡೆದಳು. ತುಂತುರು ಮಳೆ ಬೀಳುತ್ತಿತ್ತು. ವಸಂತಕಾಲ, ಹೊರಗೆ ಹಕ್ಕಿಗಳ ದನಿ. ಬಾಗಿಲ ಕಾವಲುಗಾರ ನೋಡಿದ್ದರೆ ಅವಳ ಮುಖದ ಮೇಲಿನದು ಮಳೆನೀರೆಂದೇ ತಿಳಿದುಕೊಂಡಾನು. ದಹನಗೃಹದಲ್ಲಿದ್ದ ಇಬ್ಬರು ಕೈದಿ ಗಂಡಸರು ಪೆಟ್ಟಿಗೆ ಎತ್ತಿಕೊಳ್ಳುವಾಗ, ಗಟ್ಟಿಯಾಗಿ ಹಿಡಿ, ಅವಳಿಗೇನೂ ತಿಳಿಯದು ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. ಮೂರೂವರೆ ವರ್ಷದ ಹಿಂದೆ ಅಳುಗೋಡೆಯ ಹತ್ತಿರ, ಬೆರಳು ನೋಯುತ್ತದೆ ಗಟ್ಟಿಯಾಗಿ ಹಿಡಿಯಬೇಡಿ ಎಂದಿದ್ದವಳ ಪೆಟ್ಟಿಗೆ ಅದು.

ಬದುಕುವ ಆಸೆಯೇ ಹೊರಟುಹೋಯಿತು ಎಂದು ಗ್ರೇಟೆ ಬರೆದಿದ್ದಾಳೆ. ಆದರೂ ಬದುಕಿದಳು. 1945ರ ಏಪ್ರಿಲ್ 21ರಂದು ಅವಳನ್ನು ಬಿಟ್ಟರು. ಪೂರ್ವದಿಂದ ರಷ್ಯಾದ ಸೇನೆ ಹತ್ತಿರ ಬರುತ್ತಿತ್ತು. ಬೇರೆಯವರಿಗೆ ಅದು ಬಿಡುಗಡೆ, ಅವಳಿಗೆ ಮತ್ತೆ ಕರಗಂಡಾ. ಕುಸಿದು ಬೀಳುತ್ತಿದ್ದ ಜರ್ಮನಿಯ ಉದ್ದಕ್ಕೂ ನಡೆದು, ಸೈಕಲ್ ತುಳಿದು, ಸಿಕ್ಕ ಗಾಡಿ ಹತ್ತಿ, ಬವೇರಿಯಾದಲ್ಲಿದ್ದ ತಾಯಿಯ ಹತ್ತಿರ ಬಂದು ಸೇರಿದಳು.

ಬಂದವಳು ಬರೆದಳು. ಬರೆಯಲು ಬಾರದು ಎಂದಿದ್ದವಳು. ಸ್ಟಾಲಿನ್ ಮತ್ತು ಹಿಟ್ಲರ್ ಇಬ್ಬರ ಸೆರೆಯಲ್ಲೂ ತಾನು ಕಂಡದ್ದನ್ನು ಹೇಳುವ ಅವಳ ಪುಸ್ತಕ 1948ರಲ್ಲಿ ಹೊರಬಂತು. ಮಾರನೆಯ ವರ್ಷವೇ ಇಂಗ್ಲಿಷಿಗೂ ಬಂತು. ಇಬ್ಬರು ಬರೆಯಬೇಕಾಗಿದ್ದ ಪುಸ್ತಕವನ್ನು ಒಬ್ಬಳೇ ಬರೆದಿದ್ದಳು. ಅದರ ಪುಟಗಳಲ್ಲಿ ಕೈದಿಗಳ ಮುಖ, ಮಾತು, ನಡಿಗೆ ಅಷ್ಟು ಸ್ಪಷ್ಟವಾಗಿ ಮೂಡಿರುವುದನ್ನು ಕಂಡಾಗ, ಆ ಇಕ್ಕಟ್ಟಾದ ಹಾದಿಯಲ್ಲಿ ಮಿಲೇನಾ ಕೇಳಿದ ಪ್ರಶ್ನೆಗಳೇ ಈ ಪುಸ್ತಕವನ್ನು ಬರೆಸಿದವು ಎಂದು ನನಗೆ ಅನ್ನಿಸುತ್ತದೆ.

ನಂಬದವರು ಶಿಬಿರದ ಹೊರಗೂ ಇದ್ದರು. 1949ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ಸೋವಿಯತ್ ದೇಶ ಬಿಟ್ಟು ಬಂದ ಕ್ರಾವ್ಚೆಂಕೊ ಎಂಬ ಅಧಿಕಾರಿ ಒಂದು ಪತ್ರಿಕೆಯ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆ ನಡೆಯಿತು. ಸೋವಿಯತ್ ಶಿಬಿರಗಳ ಸುದ್ದಿಯೆಲ್ಲ ಕಟ್ಟುಕಥೆ ಎಂದು ಪತ್ರಿಕೆಯ ಕಡೆಯವರ ವಾದ. ಗ್ರೇಟೆ ಸಾಕ್ಷಿ ಹೇಳಲು ಹೋದಳು. ಕರಗಂಡಾದಲ್ಲಿ ಸುತ್ತ ಗೋಡೆಯೇ ಇರಲಿಲ್ಲವಲ್ಲ, ಅದೆಂಥ ಸೆರೆ ಎಂದು ಎದುರು ವಕೀಲರು ಕೆಣಕಿದರು. ಗೋಡೆ ಬೇಕಿಲ್ಲದಷ್ಟು ಅಗಲವಾದ ಬಯಲಿನಲ್ಲಿ ಕೈದಿಯಾಗಿರುವುದೆಂದರೆ ಏನೆಂದು ಅವಳು ಸಾವಕಾಶವಾಗಿ ವಿವರಿಸಿದಳು. ಸೇತುವೆಯ ಸಂಗತಿಯನ್ನೂ ಹೇಳಿದಳು. ಆ ದಿನದ ಸಾಕ್ಷ್ಯ ಮೊಕದ್ದಮೆಯ ದಿಕ್ಕನ್ನೇ ಬದಲಿಸಿತು ಎಂದು ನೋಡಿದವರು ಹೇಳಿದ್ದಾರೆ. ಕ್ರಾವ್ಚೆಂಕೊ ಗೆದ್ದ.

ಮಿಲೇನಾಗೆ ಕೊಟ್ಟ ಮಾತಿನ ಇನ್ನೊಂದು ಅರ್ಧ ಬಾಕಿಯಿತ್ತು. ಕಾಫ್ಕಾ ಬರೆದ ಪತ್ರಗಳನ್ನು ಮಿಲೇನಾ ಬಂಧನಕ್ಕೆ ಮೊದಲೇ ವಿಲ್ಲಿ ಹಾಸ್ ಎಂಬ ಗೆಳೆಯನ ಕೈಗೆ ಕೊಟ್ಟಿದ್ದಳು. ಅವು 1952ರಲ್ಲಿ ಅಚ್ಚಾದವು. ಕಾಫ್ಕಾನ ಮಿಲೇನಾ ಎಂದು ಲೋಕವೆಲ್ಲ ಮಾತಾಡಿತು. 1963ರಲ್ಲಿ ಗ್ರೇಟೆ ತನ್ನ ಮಿಲೇನಾಳ ಕಥೆಯನ್ನು ಪುಸ್ತಕವಾಗಿ ಹೊರತಂದಳು. ಕೈ ನೋವಿನ, ಕುಂಟು ಕಾಲಿನ, ಕತ್ತಲಲ್ಲಿ ಸಿಳ್ಳೆ ಹಾಕುತ್ತಾ ಬರುವ, ಸುಳ್ಳು ಫಲಿತಾಂಶ ಬರೆದು ಜೀವ ಉಳಿಸುವ ಮಿಲೇನಾ ಅದರಲ್ಲಿದ್ದಾಳೆ. ರಾವೆನ್ಸ್‌ಬ್ರೂಕ್‌ಗೆ ಹೋಗುವಂತಾದದ್ದಕ್ಕೆ ತಾನು ವಿಧಿಗೆ ಕೃತಜ್ಞಳು, ಏಕೆಂದರೆ ಮಿಲೇನಾ ಸಿಕ್ಕಿದ್ದು ಅಲ್ಲಿ ಎಂದು ಗ್ರೇಟೆ ಹೇಳಿದ್ದಾಳೆ. ನಾಲ್ಕೂಮುಕ್ಕಾಲು ವರ್ಷ ಆ ನರಕದಲ್ಲಿ ಕಳೆದವಳ ಮಾತು ಇದು. ನಾವು ಹೇಳಿದರೆ ಒಪ್ಪದ ಮಾತು, ಅವಳು ಹೇಳಿದರೆ ತಲೆಬಾಗಿ ಕೇಳಬೇಕಾದ ಮಾತು.

ಯಹೂದಿಗಳನ್ನು ಉಳಿಸಿದ ಬೇರೆ ಧರ್ಮದವರಿಗೆ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಕೊಡುವ ಗೌರವ ಮಿಲೇನಾಗೆ ಸತ್ತು ಐವತ್ತು ವರ್ಷವಾದ ಮೇಲೆ ಸಂದಿತು. ಅದನ್ನು ನೋಡಲು ಗ್ರೇಟೆ ಇರಲಿಲ್ಲ. 1989ರ ನವೆಂಬರ್ 6ರಂದು ಫ್ರಾಂಕ್‌ಫರ್ಟಿನಲ್ಲಿ, ಎಂಬತ್ತೆಂಟರ ವಯಸ್ಸಿನಲ್ಲಿ ಅವಳು ಕಣ್ಣುಮುಚ್ಚಿದ್ದಳು. ಮೂರು ದಿನ ಕಳೆದು ಬರ್ಲಿನ್ ಗೋಡೆ ತೆರೆಯಿತು.

ಕೇಳುಗರೇ, ಗ್ರೇಟೆಯ ಎರಡೂ ಪುಸ್ತಕಗಳು ಇಂಗ್ಲಿಷಿನಲ್ಲಿ ಇವೆ. ಕಾಫ್ಕಾ ಮಿಲೇನಾಗೆ ಬರೆದ ಪತ್ರಗಳನ್ನು ನಿಮ್ಮಲ್ಲಿ ಬಹಳ ಜನ ಓದಿದ್ದೀರಿ. ಆ ಪತ್ರಗಳ ಪಕ್ಕದಲ್ಲಿ ಈ ಎರಡು ಪುಸ್ತಕಗಳನ್ನೂ ಇಟ್ಟುಕೊಂಡು ಓದಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಕನ್ನಡಕ್ಕೆ ತರಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ತನ್ನಿ.